ಮಡಿ ಉಟ್ಟ ಜೀಪು

ಜೀಪು ಕೊಂಡ ದಿನ ದೇವದುರ್ಗದಿಂದ ಮಾನ್ವಿಗೆ ಬರಲು ನನಗೆ ಐದು ತಾಸು ಹಿಡಿಯಿತು. ಬಸ್ಸಿನವರು ಎರಡು ತಾಸಿನೊಳಗೆ ಬರುತ್ತಾರೆ. ದಾರಿಯುದ್ದಕ್ಕೂ ಗಾಡಿಯ ಅಡಿಯಿಂದ ಹೊಗೆ ಬರುತ್ತಿತ್ತು. ಅದು ಇಂಜಿನ್ನಿನ ಶಕ್ತಿ ಎಂದುಕೊಂಡು ನಾನು ಮೀಸೆ ತಿರುವುತ್ತಾ ಬಂದೆ. ಸಿರವಾರದಲ್ಲಿ ಚಹಾ ಅಂಗಡಿಯವನು ಒಳಗೆ ಇಣುಕಿ ನೋಡಿ, "ಸರ, ಹ್ಯಾಂಡ್ ಬ್ರೇಕ್ ಹಾಕ್ಕೊಂಡ ಬಂದೀರಲ್ರಿ," ಎಂದ. ಅಲ್ಲಿಂದ ಮುಂದೆ ಗಾಡಿ ಬಾಣದಂತೆ ಓಡಿತು. ಅದಕ್ಕೆ ಬೇಕಾಗಿದ್ದ ಮೊದಲ ರಿಪೇರಿ ನನ್ನದೇ ತಲೆಯದು ಎಂದು ಆಗಲೇ ಗೊತ್ತಾಗಬೇಕಿತ್ತು.

ಮಾರಿದವರು ದೇವದುರ್ಗದ ಒಬ್ಬ ಹತ್ತಿ ವ್ಯಾಪಾರಿ. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವ ಹಳೆಯ ಜೀಪು, ಹಸಿರು ಬಣ್ಣ, ಅಲ್ಲಲ್ಲಿ ತುಕ್ಕು. "ಗುಡ್ಡ ಹತ್ತತದ ಏನ್ರಿ?" ಎಂದು ಕೇಳಿದ್ದೆ. "ಹತ್ತತದ್ರಿ. ಇಳಿಯೂದು ನಿಮಗ ಬಿಟ್ಟದ್ದು," ಎಂದಿದ್ದರು.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಘರ್ಷಣೆಯ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಜಿಲ್ಲೆಯಲ್ಲಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹೀಗಾಗಿ ಜೀಪನ್ನು ಹೇಗೆ ಸಿಂಗರಿಸಬೇಕೆಂದು ರಾಯಚೂರಿನ ಗ್ಯಾರೇಜಿನ ಮೇಸ್ತ್ರಿಗೆ ನಾನೇ ಪಾಠ ಮಾಡಿದೆ. ಅಂಗೈ ಅಗಲದ ಹಲ್ಲುಗಳಿರುವ, ಮಂಚದಷ್ಟು ಅಗಲದ ಟೈರು. ರೈಲಿಗೆ ಡಿಕ್ಕಿ ಹೊಡೆದರೂ ರೈಲಿಗೇ ಪೆಟ್ಟಾಗುವಂಥ ಮುಂದಿನ ಬಂಪರು. ಅದರೊಳಗೆ, ಸಿಕ್ಕಿಬಿದ್ದಾಗ ತಂತಿ ಸುತ್ತಿಕೊಂಡು ಗಾಡಿಯನ್ನು ಎಳೆದುಕೊಳ್ಳುವ ವಿಂಚು. ಮೇಲೆ ಕಬ್ಬಿಣದ ಕ್ಯಾರಿಯರು, ಅದರ ಮೇಲೆ ಆರು ದೀಪ. ಪಕ್ಕದಲ್ಲಿ ಹೊಳೆ ದಾಟುವಾಗ ಇಂಜಿನ್ನಿಗೆ ಗಾಳಿ ಕೊಡುವ ಎತ್ತರದ ಕೊಳವೆ.

"ಸಾಬ್," ಎಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತಾ. "ಇಷ್ಟು ಕಬ್ಬಿಣ ಹಾಕಿದ್ರ ಈ ಗಾಡಿ ಎಳ್ಯಾಕ ಇನ್ನೊಂದು ಗಾಡಿ ಬೇಕಾಗ್ತದ ನೋಡ್ರಿ."

"ನೀ ಹಾಕಪಾ," ಎಂದೆ.

ಹಾಕಿದ. ಟೈರು ಅಷ್ಟು ಅಗಲವಾಗಿದ್ದರಿಂದ ಸ್ಟೇರಿಂಗು ಎಡಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ. ಹಾಗಾಗಿ ಒಂದು ವಾರ ರಾಯಚೂರಿನಲ್ಲಿ ಎಡಕ್ಕೆ ಹೋಗಬೇಕಾದಾಗಲೆಲ್ಲ ಮೂರು ಸಲ ಬಲಕ್ಕೆ ತಿರುಗಿದೆ. ತೀನ್ ಕಂದೀಲು ಚೌಕದ ಹತ್ತಿರ ಹಣ್ಣು ಮಾರುವ ಅಜ್ಜಿ ಒಂದೇ ಬೆಳಿಗ್ಗೆ ನನ್ನನ್ನು ಐದು ಸಲ ನೋಡಿ, ಆರನೇ ಸಲ ಕೈ ಮಾಡಿ ನಿಲ್ಲಿಸಿ, "ಯಪ್ಪಾ, ಮನಿ ಕಳಕೊಂಡೀಯೇನು?" ಎಂದಳು.

ಸಿಂಗಾರ ಮುಗಿಸಿಕೊಂಡು ಮಾನ್ವಿಯ ಮನೆಯ ಮುಂದೆ ಜೀಪು ಮತ್ತೆ ನಿಂತಾಗ ಅಪ್ಪ ಹೊರಗೆ ಬಂದರು. ಅಪ್ಪ ನಿವೃತ್ತ ಮೇಷ್ಟ್ರು. ಜೊತೆಗೆ ಮಲ್ಲಟದ ಆಚೆ, ಕಪ್ಪು ಮಣ್ಣಿನ ಎರೆ ಹೊಲಗಳ ನಡುವೆ ಇರುವ ಪ್ರಾಣದೇವರ, ಅಂದರೆ ಹನುಮಂತನ, ಗುಡಿಯ ಪೂಜೆ ನಮ್ಮ ಮನೆತನದ್ದು. ಅದನ್ನೂ ಅವರೇ ನೋಡಿಕೊಳ್ಳುತ್ತಾರೆ. ಡಾಂಬರು ರಸ್ತೆಯಿಂದ ಗುಡಿಗೆ ಎರಡು ಮೈಲು ಬಂಡಿ ದಾರಿ, ಶುರುವಿಗೇ ಒಂದು ಹಳ್ಳ. ಮಂಡಿ ನೋವು ಶುರುವಾದ ಮೇಲೆ ಅಪ್ಪನಿಗೆ ಆ ದಾರಿ ನಡೆಯುವುದು ಕಷ್ಟವಾಗಿತ್ತು. ಜೀಪು ಕೊಳ್ಳಲು ಮನೆಯಲ್ಲಿ ನಾನು ಹೇಳಿದ ನೆಪವೂ ಅದೇ. ನೆಪ ಗಟ್ಟಿಯಾಗಿರಲೆಂದು ಕಾಗದಪತ್ರವನ್ನೂ ಅಪ್ಪನ ಹೆಸರಿಗೇ ಮಾಡಿಸಿದ್ದೆ. ಈ ಜಾಣತನ ಮುಂದೆ ನನ್ನ ಕುತ್ತಿಗೆಗೇ ಬಂತು.

ಅಪ್ಪ ಸೀಟು ಮುಟ್ಟಿ ನೋಡಿದರು. "ಇದು ಚರ್ಮ ಏನೋ?"

"ಹೌದಪ್ಪಾ. ಹೊಸಾದು ಹಾಕ್ಸೀನಿ."

"ಮಡಿ ಉಟ್ಟು ಇದರ ಮ್ಯಾಲ ಹ್ಯಾಂಗ ಕೂಡಬೇಕು? ಜಿಂಕಿದಾಗಿದ್ರ ಕೂಡಬಹುದಿತ್ತು."

ನಮ್ಮಲ್ಲಿ ಮಡಿ ಎಂದರೆ ಸ್ನಾನ ಮಾಡಿ, ಬೇರೆ ಒಗೆದು ಒಣಹಾಕಿದ ಪಂಜೆ ಉಟ್ಟು, ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟದೆ ಇರುವುದು. ಯಾರನ್ನೂ ಎಂದರೆ ಯಾರನ್ನೂ. ಮಡಿಯಲ್ಲಿದ್ದಾಗ ಅಪ್ಪ ನನ್ನನ್ನು ಕಂಡರೆ ಬಿಸಿ ಹಂಚು ಕಂಡವರ ಹಾಗೆ ಪಕ್ಕಕ್ಕೆ ಸರಿಯುತ್ತಾರೆ. ಮಡಿಗೆ ಒಗ್ಗುವ ಜೀಪನ್ನು ಯಾವ ಕಂಪನಿಯೂ ಮಾಡಿಲ್ಲ. ನಾನು ಅಪ್ಪ ಕೂಡುವ ಮುಂದಿನ ಚರ್ಮದ ಸೀಟು ಕಿತ್ತು, ಆ ಜಾಗದಲ್ಲಿ ಹಲಸಿನ ಹಲಗೆಯ ಮಣೆಯನ್ನು ನಾಲ್ಕು ಬೋಲ್ಟು ಹಾಕಿ ಕೂರಿಸಿದೆ. ಊಟಕ್ಕೆ ಕೂಡುವ ಮಣೆಗೆ ಸೀಟ್ ಬೆಲ್ಟು ಹಾಕಿಸಿದ ಮೊದಲ ಮನುಷ್ಯ ನಾನೇ ಇರಬೇಕು.

ಮೊದಲ ಮಳೆ ಬಂದ ಮರುದಿನವೇ ಜೀಪಿನ ಪ್ರತಾಪ ತೋರಿಸಲು ಒಬ್ಬನೇ ಗುಡಿಯ ದಾರಿ ಹಿಡಿದೆ. ನಮ್ಮ ಎರೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ನೂರು ಹೆಜ್ಜೆ ಹೋಗಿ ಹಳ್ಳಕ್ಕೆ ಇಳಿಯುವಷ್ಟರಲ್ಲಿ ನನ್ನ ಮಂಚದಗಲದ ಟೈರುಗಳ ಹಲ್ಲುಗಳಲ್ಲಿ ಮಣ್ಣು ತುಂಬಿ, ಹಲ್ಲು ಮುಚ್ಚಿ, ಗಾಲಿಗಳು ನಾಲ್ಕು ದೊಡ್ಡ ಕಪ್ಪು ಹೋಳಿಗೆಗಳಾದವು. ನಾನು ಎಕ್ಸಲರೇಟರ್ ಒತ್ತಿದೆ. ಗಾಲಿ ತಿರುಗಿತು, ಜೀಪು ನಿಂತಲ್ಲೇ ಇಳಿಯಿತು. ಇನ್ನೂ ಒತ್ತಿದೆ. ಇನ್ನೂ ಇಳಿಯಿತು. ಬಾವಿ ತೋಡುವ ಯಂತ್ರವಾಗಿ ನನ್ನ ಜೀಪಿಗೆ ಸಮನಿಲ್ಲ.

ಪಕ್ಕದ ಹೊಲದ ರೈತರೊಬ್ಬರು ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ ನೋಡುತ್ತಿದ್ದರು. ಅಪ್ಪನ ವಯಸ್ಸಿನವರು, ಹಣೆ ತುಂಬ ವಿಭೂತಿ. ಎಲೆ ಪೂರ್ತಿ ಅಗಿದಾದ ಮೇಲೆ ಎದ್ದು ಬಂದರು.

"ಸಣ್ಣಾಚಾರ್ರ, ಮುಗೀತೇನ್ರಿ? ಇನ್ನ ಸ್ವಲ್ಪ ಅಗೀರಿ, ನೀರು ಬೀಳ್ತದ."

"ಎಳೀತೀರೇನ್ರಿ?"

"ಎಳೀಲಾರ್ದ ಏನ್ರಿ. ನೀವು ರಸ್ತೆ ಬಿಟ್ಟು ಇಳಿದಾಗಲೇ ಟ್ರ್ಯಾಕ್ಟರ್ ಚಾಲೂ ಮಾಡೀನಿ."

ಎರಡನೇ ಸಲ ಅಪ್ಪ ಜೊತೆಗಿದ್ದರು. ಅದೇ ದಾರಿ, ಅದೇ ಹಳ್ಳ, ಸ್ವಲ್ಪ ಕಡಿಮೆ ಕೆಸರು. ಸಿಕ್ಕಿಕೊಂಡಾಗ ನಾನು ಗಾಬರಿಯಾಗಲಿಲ್ಲ. "ಅಪ್ಪಾ, ಇದಕ್ಕ ವಿಂಚ್ ಇರೂದು," ಎಂದು ಇಳಿದು ತಂತಿಯನ್ನು ಎಳೆದೊಯ್ದು ಒಂದು ಬಳ್ಳಾರಿ ಜಾಲಿ ಗಿಡಕ್ಕೆ ಕಟ್ಟಿ ಬಂದು ಗುಂಡಿ ಒತ್ತಿದೆ. ಗಿಡದ ಕಡೆ ಜೀಪು ಹೋಗಬೇಕು, ಅದು ಶಾಸ್ತ್ರ. ಆದರೆ ನೆನೆದ ಎರೆಯಲ್ಲಿ ಗಿಡವೇ ಬೇರುಸಮೇತ ಕಿತ್ತು, ನಿಧಾನವಾಗಿ, ಮುಳ್ಳು ಅಲ್ಲಾಡಿಸುತ್ತಾ ನಮ್ಮ ಕಡೆ ಬಂತು. ಗುಂಡಿ ಬಿಡಲು ನನಗೆ ತೋಚಲಿಲ್ಲ. ಅದು ಬಂಪರಿಗೆ ಬಂದು ತಬ್ಬಿಕೊಂಡಾಗ ಒಂದು ಕೊಂಬೆ ಒಳಗೆ ಬಂದು ಅಪ್ಪನ ಕನ್ನಡಕ ತೆಗೆದುಕೊಂಡು ಹೋಯಿತು.

ಟ್ರ್ಯಾಕ್ಟರು ಮತ್ತೆ ಬಂತು. ಈ ಸಲ ಮೊದಲು ಗಿಡವನ್ನು ಎಳೆದು, ಆಮೇಲೆ ನಮ್ಮನ್ನು ಎಳೆಯಿತು.

ಮನೆಗೆ ಬಂದ ಮೇಲೆ ಅಪ್ಪ ಕೈಕಾಲು ತೊಳೆದು, ಪಡಸಾಲೆಯಲ್ಲಿ ಕೂತು, ದನಿ ಏರಿಸದೆ ಹೇಳಿದರು. "ಇನ್ನೊಮ್ಮಿ ಟ್ರ್ಯಾಕ್ಟರ್ ಎಳೀತಂದ್ರ ಜೀಪು ಮಾರಿಬಿಡ್ತೀನಿ. ಕಾಗದ ನನ್ನ ಹೆಸರಿನ್ಯಾಗ ಅವ."

ಅಪ್ಪ ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಹೊರಗೆ ನಿಲ್ಲಿಸುತ್ತೇನೆ ಎಂದರೆ ಆ ಹುಡುಗನನ್ನು ಹೊರಗೆ ನಿಲ್ಲಿಸದೆ ಬಿಟ್ಟವರಲ್ಲ. ಆ ದಿನ ಜೀಪಿನ ಚಕ್ರಗಳಿಂದ ಮಣ್ಣನ್ನು ಸೌಟಿನಿಂದ ಕೆರೆಯುತ್ತಾ ಕೂತಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನಗೆಪಾಟಲು ಏನೇ ಇರಲಿ, ಆ ಗಾಡಿಯ ಮೇಲೆ ನನಗೆ ಜೀವವಿತ್ತು. ಬೆಳಿಗ್ಗೆ ಅದರ ಇಂಜಿನ್ನು ಕೆಮ್ಮಿ ಕೆಮ್ಮಿ ಎದ್ದಾಗ ಮನೆಯಲ್ಲಿ ಇನ್ನೊಬ್ಬ ಹಿರಿಯರು ಎದ್ದ ಹಾಗಿರುತ್ತಿತ್ತು.

ಮರುದಿನ ಆ ರೈತರ ಹೊಲಕ್ಕೇ ಹೋಗಿ ಕೇಳಿದೆ. "ಯಪ್ಪಾ, ನಾ ಏನ್ ತಪ್ಪು ಮಾಡಾಕತ್ತೀನಿ, ಹೇಳ್ರಿ."

ಅವರು ಬೇವಿನ ನೆರಳಲ್ಲಿ ನಿಂತಿದ್ದ ತಮ್ಮ ಎತ್ತಿನ ಬಂಡಿಯನ್ನು ತೋರಿಸಿದರು. "ಆ ಗಾಲಿ ನೋಡ್ರಿ. ಎಷ್ಟು ಅಗಲ ಅದ?"

"ನಾಕು ಬೆಟ್ಟು," ಎಂದೆ, ಬೆರಳಿಟ್ಟು ಅಳೆದು.

"ನಮ್ಮಜ್ಜನ ಕಾಲದಿಂದ ನಾಕ ಬೆಟ್ಟು. ಸಣ್ಣ ಗಾಲಿ ಕೆಸರು ಸೀಳಿ ಕೆಳಗ ಗಟ್ಟಿ ನೆಲ ಮುಟ್ಟತದ. ನಿಮ್ಮ ಗಾಲಿ ಕೆಸರಿನ ಮ್ಯಾಲ ಚಾಪಿ ಹಾಸ್ಕೊಂಡು ಮಲಗತದ. ಇನ್ನ ಆ ತಲಿಮ್ಯಾಲಿನ ಕಬ್ಬಿಣ. ಮದಿವಿ ಹೆಣ್ಣಿಗೂ ಇಷ್ಟು ಒಡವಿ ಹಾಕಂಗಿಲ್ರಿ."

"ಮತ್ತ ಹೊಡಿಯೂದು?"

"ಎತ್ತು ನಡದಂಗ ಹೊಡೀರಿ. ಜೋರು ಮಾಡಬ್ಯಾಡ್ರಿ, ನಿಲ್ಲಸಬ್ಯಾಡ್ರಿ. ಎತ್ತು ಕೆಸರಿನ್ಯಾಗ ಓಡತದೇನು?"

ಒತ್ತಡ, ತೂಕ, ಕ್ಷೇತ್ರಫಲ. ಹತ್ತು ವರ್ಷದಿಂದ ಹಲಗೆಯ ಮೇಲೆ ಬರೆದು ಅಳಿಸುತ್ತಿದ್ದ ಮೂರು ಪದಗಳನ್ನು ಅವರು ಬಾಯಲ್ಲಿ ಎಲೆ ಇಟ್ಟುಕೊಂಡೇ ಹೇಳಿ ಮುಗಿಸಿದರು. ನಾನು ಸೀದಾ ರಾಯಚೂರಿಗೆ ಹೋಗಿ ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ನಿಂತೆ.

"ಹಳೇ ಗಾಲಿ ಯಾರಿಗರ ಕೊಟ್ಟಿಯೇನಪಾ?"

"ಇಲ್ಲ ಸಾಬ್. ಹಿಂದಿನ ಖೋಲಿಯಾಗ ಇಟ್ಟೀನಿ. ನೀವು ವಾಪಸ್ ಬರ್ತೀರಂತ ಖಾತ್ರಿ ಇತ್ತು."

ಬಂಪರು, ಕ್ಯಾರಿಯರು, ದೀಪ, ವಿಂಚು ಎಲ್ಲ ಇಳಿಯಿತು. ಹಳೆಯ ಕಿರಿದಾದ ಟೈರು ಬಂತು. ಹಿಂದಿನ ಗಾಲಿಗಳಿಗೆ ಬೇಕಾದಾಗ ಸುತ್ತಲು ಎರಡು ಸರಪಳಿ ಮಾಡಿಸಿಕೊಂಡೆ. ಗಾಳಿಯ ಕೊಳವೆಯನ್ನು ಮಾತ್ರ ಬಿಡಲಿಲ್ಲ, ನನ್ನ ಮಾನಕ್ಕೆ ಉಳಿದ ಮೂಗು ಅದೊಂದೇ. ಗಾಡಿ ಮದುವೆ ಮುಗಿದ ಮರುದಿನದ ಮದುಮಗನ ಹಾಗೆ ಸಣ್ಣಗೆ ಕಂಡಿತು. ಆದರೆ ಎಡಕ್ಕೆ ತಿರುಗುತ್ತಿತ್ತು.

ಆ ಭಾನುವಾರ ಅದನ್ನು ದೇವದುರ್ಗದ ಕಡೆ ಕಲ್ಲು ಗುಡ್ಡಗಳಿಗೆ ಒಯ್ದೆ. ಪಕ್ಕದ ಸಣ್ಣ ಗೇರನ್ನು ಎಳೆದು, ನಾಲ್ಕೂ ಗಾಲಿಗೆ ಬಲ ಕೊಟ್ಟು, ಎರಡನೇ ಗೇರಿನಲ್ಲಿ ಬಿಟ್ಟೆ. ಕಾಲನ್ನು ಎಕ್ಸಲರೇಟರಿನ ಮೇಲೆ ಇಟ್ಟೂ ಇಡದ ಹಾಗೆ ಇಟ್ಟುಕೊಂಡೆ. ಜೀಪು ಒಂದೊಂದೇ ಕಲ್ಲನ್ನು ಕೈಯಿಂದ ಸವರಿ ನೋಡಿ ಕಾಲಿಡುವ ಮುದುಕಿಯಂತೆ ಏರಿತು. ಒಂದು ಕಡೆ ಮುಂದಿನ ಎಡಗಾಲಿ ಗಾಳಿಯಲ್ಲಿ ನಿಂತಿತು. ಮೂರು ಗಾಲಿಯ ಮೇಲೆ ಒಂದು ಕ್ಷಣ ಯೋಚಿಸಿ, ಕುಂಯ್ ಎಂದು, ಮುಂದೆ ಇಟ್ಟಿತು. ನೆತ್ತಿಗೆ ಬಂದು ಇಂಜಿನ್ ಆರಿಸಿದೆ. ದೂರದಲ್ಲಿ ಕೃಷ್ಣೆ ಬಿಸಿಲಿಗೆ ಹೊಳೆಯುತ್ತಿದ್ದಳು. ಗಾಳಿ, ಕಾದ ಡೀಸೆಲ್ಲಿನ ವಾಸನೆ, ಬಾನೆಟ್ಟಿನ ಟಿಕ್ ಟಿಕ್. ಯಾರೂ ಇರಲಿಲ್ಲವಾದ್ದರಿಂದ ನಾನು ಬಂಡೆಯ ಮೇಲೆ ನಿಂತು ಸಣ್ಣದಾಗಿ ಕುಣಿದೆ. ಕೆಳಗೆ ಕುರಿ ಕಾಯುವವರು ಮೂವರಿದ್ದರೆಂದು ಆಮೇಲೆ ಗೊತ್ತಾಯಿತು.

ಮಿರ್ಗದ, ಎಂದರೆ ಮೃಗಶಿರಾ ನಕ್ಷತ್ರದ, ಮಳೆ ಜೋರಾಗಿಯೇ ಹಿಡಿಯಿತು. ಅದರ ನಡುವೆ ಏಕಾದಶಿ ಬಂತು. ಎಂಟು ಮಂದಿ ಹಿರಿಯರು, ಮಾನ್ವಿಯವರು ಕೆಲವರು, ಕವಿತಾಳ, ಸಿರವಾರದವರು ಕೆಲವರು, ಮೊದಲೇ ಗುಡಿ ಸೇರಿ ನೀರೂ ಮುಟ್ಟದೆ ಉಪವಾಸ ಕೂತಿದ್ದರು. ಮರುದಿನ ದ್ವಾದಶಿ ತಿಥಿ ಸೂರ್ಯ ಹುಟ್ಟಿದ ಮೇಲೆ ಅರ್ಧ ತಾಸು ಮಾತ್ರ. ಅಷ್ಟರೊಳಗೆ ದೇವರಿಗೆ ನೈವೇದ್ಯವಾಗಿ, ಅವರು ಊಟಕ್ಕೆ ಕೂಡಬೇಕು. ಇದಕ್ಕೇ ಪಾರಣೆ ಎನ್ನುತ್ತೇವೆ. ಪ್ರತಿ ಸಲ ಗುಡಿಯಲ್ಲೇ ಅಡುಗೆಯಾಗುತ್ತಿತ್ತು. ಈ ಸಲ ಮಳೆಗೆ ಗುಡಿಯ ಅಡುಗೆಮನೆಯ ಮಾಳಿಗೆ ಕುಸಿದಿತ್ತು. ಅಡುಗೆ ಮಾನ್ವಿಯ ನಮ್ಮ ಮನೆಯಲ್ಲಿ. ಒಯ್ಯುವುದು ಹೇಗೆ?

"ಬೈಕ್ ಹೋಗಂಗಿಲ್ಲ. ಬಂಡಿ ಆಗ್ಲಿ, ಹೊತ್ಕೊಂಡು ನಡಿಯೂದಾಗ್ಲಿ, ಮುಟ್ಟೂದ್ರಾಗ ತಿಥಿ ಮುಗೀತದ," ಎಂದರು ಅಪ್ಪ, ನನ್ನ ಕಡೆ ನೋಡದೆ. "ತೀರ್ಥ ತಗೊಂಡು ಪಾರಣಿ ಆತು ಅನ್ನಬಹುದು, ಶಾಸ್ತ್ರಕ್ಕ ಅಡ್ಡಿ ಇಲ್ಲ. ಆದ್ರ ಅವರ ಹೊಟ್ಟಿಗೆ ಶಾಸ್ತ್ರ ತಿಳೀತದೇನು?"

"ಜೀಪು ಅದಲ್ಲಪ್ಪಾ."

"ಅದ. ಮಾತೂ ಅದ."

ಮಡಿ ಅಡುಗೆ ಒಯ್ಯುವ ಗಾಡಿಯ ಡ್ರೈವರನೂ ಮಡಿಯಲ್ಲಿರಬೇಕು. ಬೆಳಗಿನ ನಾಲ್ಕಕ್ಕೆ ತಣ್ಣೀರು ಸುರಿದುಕೊಂಡು, ಕಚ್ಚೆ ಪಂಜೆ ಉಟ್ಟು, ಬರಿ ಮೈಗೆ ಮುದ್ರೆ ಹಚ್ಚಿಕೊಂಡು ನಾನು ಸ್ಟೇರಿಂಗು ಹಿಡಿದೆ. ಹಿಂದಿನ ಸಂಜೆ ಜೀಪಿಗೆ ನನಗಿಂತ ಹೆಚ್ಚು ಸ್ನಾನವಾಗಿತ್ತು, ನನ್ನ ಸೀಟಿನ ಚರ್ಮವೂ ಹೋಗಿ ಹಲಗೆ ಬಂದಿತ್ತು. ಅಮ್ಮ ಹೊಸ್ತಿಲಲ್ಲಿ ನಿಂತು, "ಇವನ ಲೈಸೆನ್ಸಿನ ಫೋಟೋ ನೋಡಿ ಯಾರೂ ನಂಬೂದಿಲ್ಲ," ಎಂದಳು. ಹಿಂದೆ ಅನ್ನ, ಹೆಸರುಬೇಳೆ ಹುಗ್ಗಿ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಚಟ್ಟಿನ ತಂಬುಳಿಯ ಪಾತ್ರೆಗಳನ್ನು ಒದ್ದೆ ಬಟ್ಟೆ ಸುತ್ತಿ ಬಿಗಿದಿದ್ದೆವು. ತೊವ್ವೆಯ ಪಾತ್ರೆಯನ್ನು ಮಾತ್ರ ಅಪ್ಪ ಯಾರಿಗೂ ನಂಬಿ ಕೊಡಲಿಲ್ಲ. ಮಣೆಯ ಮೇಲೆ ಬೆಲ್ಟು ಬಿಗಿದುಕೊಂಡು, ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತರು.

ಡಾಂಬರು ಬಿಟ್ಟು ಇಳಿಯುವ ಮೊದಲು ಸರಪಳಿ ಸುತ್ತಿದೆ. ಹಳ್ಳದ ಅಂಚಿಗೆ ಬಂದರೆ ಟ್ರ್ಯಾಕ್ಟರು ಅಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ನಮ್ಮ ರೈತರು, ಹೆಗಲ ಮೇಲೆ ಹಗ್ಗ.

"ಆಚಾರ್ರ, ಹಗ್ಗ ತಂದೀನ್ರಿ."

"ದೂರ ನಿಲ್ಲಪಾ, ಮಡಿಯೊಳಗಿದ್ದೀವಿ," ಎಂದರು ಅಪ್ಪ.

"ನಾ ಮುಟ್ಟಂಗಿಲ್ರಿ. ಹಗ್ಗಕ್ಕ ಮಡಿ ಅದನೋ ಇಲ್ಲೋ, ನೀವ ಹೇಳ್ರಿ."

ಅಪ್ಪ ಇದನ್ನು ಗಂಭೀರವಾಗಿ ಯೋಚಿಸಿದರು. "ನೂಲಿಂದೋ, ಪ್ಲಾಸ್ಟಿಕ್ಕಿಂದೋ?"

"ಪ್ಲಾಸ್ಟಿಕ್ರಿ."

"ಹಂಗಾದ್ರ ನಡೀತದ." ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ಕಟ್ಟಿದ್ರ ಮಾರೂದು ಮಾರೂದ."

ಪೂರ್ವದಲ್ಲಿ ಕೆಂಪೇರುತ್ತಿತ್ತು. ಸಣ್ಣ ಗೇರು ಎಳೆದೆ. ಎರಡನೇ ಗೇರು ಹಾಕಿ ಇಳಿಸಿದೆ. ಮುಂದಿನ ಗಾಲಿಗಳು ಕೆಸರನ್ನು ಸೀಳಿ, ಇಳಿದು, ಇಳಿದು, ಒಂದು ಕಡೆ ತಡೆದು ನಿಂತವು. ಕೆಳಗೆ ಗಟ್ಟಿ ನೆಲ ಇತ್ತು. ಕಾಲಿನ ಅಡಿಗೇ ಅದು ತಿಳಿಯಿತು. ಜೀಪು ನಡೆಯತೊಡಗಿತು.

ಹಳ್ಳದ ನಟ್ಟನಡುವೆ ನನ್ನ ಸೊಂಟದಲ್ಲಿ ಏನೋ ಸಡಿಲವಾಯಿತು. ಗೇರು ಎಳೆದಾಗ ಕಚ್ಚೆಯ ಚುಂಗು ಸಣ್ಣ ಗೇರಿನ ಸಂದಿಗೆ ಸಿಕ್ಕಿತ್ತು. ಜೀಪು ಅಲ್ಲಾಡಿದಷ್ಟೂ ಗೇರು ಅಲ್ಲಾಡಿ, ಗೇರು ಅಲ್ಲಾಡಿದಷ್ಟೂ ಪಂಜೆ ನನ್ನನ್ನು ಬಿಟ್ಟು ಹೋಗುತ್ತಿತ್ತು. ಕೈ ಬಿಟ್ಟು ಅದನ್ನು ಹಿಡಿಯಬೇಕೆಂದರೆ ನಿಲ್ಲಿಸಬೇಕು. ನಿಲ್ಲಿಸಿದರೆ ಹಗ್ಗ. ಮಾನ, ಜೀಪು, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಜೀಪನ್ನು ಆರಿಸಿದೆ.

"ನಿಲ್ಲಬ್ಯಾಡ್ರಿ," ರೈತರು ದಂಡೆಯ ಮೇಲೆ ನಿಂತು ಕೂಗಿ ಹೇಳುತ್ತಿದ್ದರು. "ಸಾವಕಾಶ. ಎತ್ತು, ಎತ್ತು."

ಹಿಂದಿನ ಬಲಗಾಲಿ ಜಾರಿತು. ಒಂದು ಸುತ್ತು ಸುಮ್ಮನೆ ತಿರುಗಿತು. ನನ್ನ ಕಾಲು ಹಳೆಯ ಚಟದಿಂದ ಒತ್ತಲು ಹೋಯಿತು. ನಾನು ಅದನ್ನು ನನ್ನದಲ್ಲದ ಕಾಲಿನ ಹಾಗೆ ತಡೆದು ಹಿಡಿದೆ. ಸರಪಳಿ ಎಲ್ಲೋ ಒಂದು ಕಲ್ಲನ್ನು ಕಚ್ಚಿತು. ಗಾಡಿ ಗೊಣಗಿತು, ಕತ್ತು ಎತ್ತಿತು.

"ನಿಂತಿತೇನೋ?" ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಇಲ್ಲಪ್ಪಾ, ಹತ್ತಲಿಕ್ಕತ್ತದ."

ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. "ಪಂಜಿ ಎಲ್ಲೋ?"

"ಗೇರಿನ್ಯಾಗ ಅದ."

ಅಪ್ಪ ಮತ್ತೆ ಕಣ್ಣು ಮುಚ್ಚಿದರು. ಜೀಪು ಆಚೆ ದಂಡೆ ಏರಿತು. ಹಿಂದೆ ತಿರುಗಿ ನೋಡಿದರೆ ರೈತರು ಹಗ್ಗವನ್ನು ಹೆಗಲಿಂದ ಇಳಿಸಿ, ಸುತ್ತಿ, ಟ್ರ್ಯಾಕ್ಟರಿನ ಮೇಲೆ ಎಸೆದು, ನಮ್ಮ ಗಾಲಿಯ ಗುರುತಿನಲ್ಲೇ ನಡೆದು ಬರುತ್ತಿದ್ದರು.

ಗುಡಿಯ ಮುಂದೆ ಎಂಟೂ ಮಂದಿ ನಿಂತಿದ್ದರು. ಸೂರ್ಯ ಆಗ ತಾನೇ ಹೊಲದ ಅಂಚಿನಿಂದ ಬಿಡಿಸಿಕೊಂಡಿದ್ದ. ಅಪ್ಪ ತೊವ್ವೆಯ ಪಾತ್ರೆ ಹಿಡಿದು ಮಂಡಿ ನೋವನ್ನು ಮರೆತವರಂತೆ ಇಳಿದರು. ಒಂದು ಹನಿ ಚೆಲ್ಲಿರಲಿಲ್ಲ. ಮಡಿಯಲ್ಲಿದ್ದ ಇಬ್ಬರು ಬಂದು ಉಳಿದ ಪಾತ್ರೆಗಳನ್ನು ಒಯ್ದರು. ನಾನು ಮಾತ್ರ ಸ್ಟೇರಿಂಗಿನ ಹಿಂದೆ ಮುದುಡಿ ಕೂತೇ ಇದ್ದೆ.

"ಸಾರಥಿ ಯಾಕ ಇಳೀವಲ್ಲ?" ಎಂದು ಕವಿತಾಳದ ಒಬ್ಬ ಅಜ್ಜಿ ಕೇಳಿದರು. ನಿವೃತ್ತ ಹೆಡ್ ಮಿಸ್ಸು, ಒಂದು ಹಗಲು ಒಂದು ರಾತ್ರಿ ನೀರು ಕುಡಿಯದಿದ್ದರೂ ದನಿಯಲ್ಲಿ ಶಾಲೆಯ ಗಂಟೆ.

"ನಾ ಇಲ್ಲೇ ಆರಾಮ ಇದ್ದೀನ್ರಿ."

"ಪಂಜಿ ಕಳಚ್ಯದ," ಎಂದು ಅಪ್ಪ ಒಳಗಿನಿಂದಲೇ ಜಾಹೀರು ಮಾಡಿದರು. ಅಜ್ಜಿ ಮುಖ ಆಚೆ ತಿರುಗಿಸಿಕೊಂಡು ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ಒಂದು ಒಗೆದ ಸೀರೆಯನ್ನು ನನ್ನ ಕಡೆ ಎಸೆದರು. ದ್ವಾದಶಿಯ ಮಂಗಳಾರತಿಗೆ ನಾನು ಹಳದಿ ಅಂಚಿನ ಸೀರೆ ಸುತ್ತಿಕೊಂಡು ಜಾಗಟೆ ಬಾರಿಸಿದೆ.

ನೈವೇದ್ಯವಾಯಿತು. ಎಲೆ ಹಾಕಿ ಎಲ್ಲರೂ ಕೂತಾಗ ತಿಥಿ ಇನ್ನೂ ಹತ್ತು ನಿಮಿಷ ಉಳಿದಿತ್ತು. ಆ ಎಂಟು ಮಂದಿ ಮೊದಲ ತುತ್ತು ಬಾಯಿಗಿಟ್ಟರು. ಅಗಸೆ ಪಲ್ಯ ಅಗಿಯುವ ಸದ್ದಷ್ಟೇ. ಹಿಂದಿನ ದಿನ ರಾಯಚೂರಿನಲ್ಲಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಬಂದಿದ್ದ ನಾನೂ ಉಪವಾಸ ಮಾಡಿದವನ ಮುಖ ಮಾಡಿಕೊಂಡು ಅವರಿಗಿಂತ ಜಾಸ್ತಿ ತಿಂದೆ. ರೈತರು ಬಂದು ಕಟ್ಟೆಯ ಮೇಲೆ ಕೂತರು. ಅಪ್ಪನೇ ಅವರಿಗೆ ಎಲೆ ಹಾಕಿ ಹುಗ್ಗಿ ಬಡಿಸಿದರು.

"ನಿಮ್ಮ ಮಗ ಇವತ್ತ ಎತ್ತಾದ ನೋಡ್ರಿ," ಎಂದರು ರೈತರು, ಹುಗ್ಗಿಗೆ ತುಪ್ಪ ಕಲಸುತ್ತಾ.

"ಹೂಂ," ಎಂದರು ಅಪ್ಪ.

ಜೀಪಿನ ವಿಷಯ ಅವರು ಎತ್ತಲಿಲ್ಲ. ಊಟ ಮುಗಿಯಿತು, ಮಡಿ ಮುಗಿಯಿತು, ಪಾತ್ರೆ ತೊಳೆದು ಹಿಂದೆ ಇಟ್ಟೆವು. ಬರುವಾಗ ನಡೆದುಕೊಂಡು ಬಂದಿದ್ದ ಎಂಟೂ ಮಂದಿ ಹೋಗುವಾಗ ಜೀಪಿನ ಹಿಂದೆ ಹತ್ತಿ, ಒಬ್ಬರ ಮೇಲೊಬ್ಬರು ಕೂತರು. ಹೆಡ್ ಮಿಸ್ಸು ಪಾತ್ರೆಗಳ ನಡುವೆ ಸಿಂಹಾಸನ ಮಾಡಿಕೊಂಡರು. ನಾನು ಸೀರೆಯ ಸೆರಗನ್ನು ಗೇರಿನಿಂದ ದೂರ ಸಿಕ್ಕಿಸಿಕೊಂಡು ಇಂಜಿನ್ನು ಎಬ್ಬಿಸಿದೆ. ಮಾತು ಮಾತೇ, ಟ್ರ್ಯಾಕ್ಟರು ಮೂರನೇ ಸಲ ಎಳೆದರೆ ಜೀಪು ಹೋಯಿತೆಂಬ ಹೆದರಿಕೆಯಿಂದ ಬಂದ ದಾರಿಯ ಕಡೆಗೇ ಗಾಡಿ ತಿರುಗಿಸಿದೆ.

ಅಪ್ಪ ಕೈ ಅಡ್ಡ ಹಿಡಿದರು. "ಅಲ್ಲಿ ಬ್ಯಾಡ. ಕೆಳಗ ಹಳ್ಳ ಅಗಲಾಗ್ತದಲ್ಲ, ಅಲ್ಲಿ ಇಳಸು."

ನಾನು ನೋಡಿದೆ. ಅಲ್ಲಿ ಕಡಿದಾದ ಇಳಿಜಾರು, ಕೆಳಗೆ ಮೊಣಕಾಲುದ್ದ ನೀರು, ಆಚೆ ಕಪ್ಪು ಕೆಸರು.

"ಅಪ್ಪಾ, ಅಲ್ಲಿ ಸಿಕ್ಕೊಂಡ್ರ?"

ಅಪ್ಪ ಮಣೆಯ ಮೇಲೆ ಸರಿಯಾಗಿ ಕೂತು ಬೆಲ್ಟು ಬಿಗಿದುಕೊಂಡರು.

"ಸಿಕ್ಕೊಂಡ್ರ ಟ್ರ್ಯಾಕ್ಟರ್ ಅದಲ್ಲೋ," ಎಂದರು. "ಇಳಸು, ನೋಡೂಣು."